ಮೂರು ವ್ಯಾಟಿನೊಳಗೊಂದು ಕಿವಿ

ನಮ್ಮ ಮನೆಯ ಗೋಡೆಗೆ ಎರಡು ಮೀಟರುಗಳಿವೆ. ದೊಡ್ಡದು ದೀಪ, ಫ್ಯಾನು, ಒಲೆಗಳದ್ದು. ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಪಕ್ಕದಲ್ಲಿ ಅಂಗೈಯಗಲದ ಇನ್ನೊಂದಿದೆ. ಅದು ಯೋಚನೆಯ ಮೀಟರು. ಮನೆಯೊಳಗಿನ ಗಣಕಗಳು ಎಷ್ಟು ವಿದ್ಯುತ್ತು ತಿನ್ನುತ್ತಿವೆ ಎಂಬುದನ್ನು ಮಾತ್ರ ಅದು ತೋರಿಸುತ್ತದೆ. ಮುಳ್ಳು ಮೂರು ವ್ಯಾಟ್ ದಾಟಿ ಒಂದು ನಿಮಿಷ ನಿಂತಿತೋ, ಒಳಗಿನ ಕೊಂಡಿ ಟಕ್ಕೆಂದು ಬೀಳುತ್ತದೆ. ಆಮೇಲೆ ಮರುದಿನ ಸೂರ್ಯ ಹುಟ್ಟುವವರೆಗೆ ಆ ಮನೆಯಲ್ಲಿ ಯಾವ ಯಂತ್ರವೂ ಯೋಚಿಸುವಂತಿಲ್ಲ.

ಕಾಯ್ದೆ ಬಂದಾಗ ನಾನು ಎರಡನೇ ತರಗತಿ. ದೂರದ ಊರುಗಳ ಗಣಕದ ಕೋಠಿಗಳು ನದಿಗಳನ್ನು ಕುಡಿದು, ಊರೂರಿನ ಕರೆಂಟು ತಿಂದು, ಕಡೆಗೆ ಒಂದೊಂದಾಗಿ ಬಾಗಿಲು ಹಾಕಿದವಂತೆ. ಇನ್ನು ಮೇಲೆ ಅವರವರ ಯೋಚನೆ ಅವರವರ ಮಾಳಿಗೆಯ ಮೇಲಿನ ಬಿಸಿಲಿನಲ್ಲೇ ಆಗಬೇಕು, ಮನೆಗೆ ಮೂರು ವ್ಯಾಟ್ ಪಾಲು, ಮೋಡದ ದಿನ ಒಂದೇ ವ್ಯಾಟ್ ಎಂದು ತೀರ್ಮಾನವಾಯಿತು. ಜನ ಸ್ವಲ್ಪ ದಿನ ಒದ್ದಾಡಿ ಆಮೇಲೆ ಹೊಂದಿಕೊಂಡರು. ಈಗ ನಮ್ಮ ಗುಳೇದಗುಡ್ಡದಲ್ಲಿ ಮದುವೆಯ ಫೋಟೋಗಳನ್ನು ಚಂದ ಮಾಡಿಸಬೇಕಾದರೆ ಹತ್ತು ಮನೆಗೆ ಹಂಚುತ್ತಾರೆ. ಹಪ್ಪಳದ ಹಿಟ್ಟನ್ನು ಹಂಚಿ ಲಟ್ಟಿಸಿದ ಹಾಗೆ.

ನಾನು ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಪದವಿ ಮುಗಿಸಿ ಬಂದವಳು. ನನ್ನ ಮಾತು ಕಡಿಮೆ. ನಾಲ್ಕು ಜನರಿರುವ ಕಡೆ ಹೇಳಬೇಕಾದದ್ದು ಗಂಟಲಿನವರೆಗೆ ಬಂದು ಅಲ್ಲೇ ಕೂತುಬಿಡುತ್ತದೆ. ಮನೆಗೆ ಬಂದು ದಿನಚರಿಯಲ್ಲಿ ಬರೆದಾಗಲೇ ಅದಕ್ಕೆ ಬಿಡುಗಡೆ. ಈ ಕಥೆಯನ್ನೂ ಆ ಪುಸ್ತಕದಿಂದಲೇ ತೆಗೆದು ಬರೆಯುತ್ತಿದ್ದೇನೆ.

ಇದು ನನ್ನ ಸಾವಂತ್ರತ್ತೆಯ ಮಗ್ಗದ ವಿಷಯ.

ಸಾವಂತ್ರತ್ತೆ ಅಪ್ಪನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು. ನಡುಮನೆಯಲ್ಲಿ ಅವಳ ಕುಣಿಮಗ್ಗವಿದೆ. ನೆಲದಲ್ಲಿ ಸೊಂಟದಾಳದ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕಾಲಡಿಯ ಹಲಗೆ ತುಳಿಯುತ್ತ ನೇಯುವ ಮಗ್ಗ ಅದು. ನಲವತ್ತೈದು ವರ್ಷ ಅವಳು ಅಲ್ಲಿ ಕೂತು ರವಿಕೆಯ ಖಣ ನೇಯ್ದಿದ್ದಾಳೆ. ಸೂಜಿಮಲ್ಲಿಗೆ ನಮೂನೆಯಲ್ಲಿ ಅವಳನ್ನು ಸರಿಗಟ್ಟುವವರು ಓಣಿಯಲ್ಲಿ ಇನ್ನೊಬ್ಬರಿಲ್ಲ. ಆದರೆ ಈಗ ಎರಡು ವರ್ಷದಿಂದ ಅವಳ ಕಣ್ಣಿನ ನಡುಭಾಗ ಆರಿಹೋಗಿದೆ. ಅಂಚು ಕಾಣುತ್ತದೆ, ನಡು ಮಸುಕು. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆ ನೋಡುತ್ತಾಳೆ.

ಬಟ್ಟೆಯ ಉದ್ದಕ್ಕೆ ಓಡುವ ಸಾವಿರಾರು ಹಾಸು ಎಳೆಗಳಲ್ಲಿ ಒಂದು ಹರಿದರೆ ನೇಕಾರರು ಆ ಕ್ಷಣವೇ ಕಂಡು ಗಂಟು ಹಾಕಬೇಕು. ಕಾಣದೆ ಮುಂದೆ ಹೋದರೆ ಬಟ್ಟೆಯಲ್ಲಿ ಬೋಳು ಗೆರೆ ಬೀಳುತ್ತದೆ. ಅತ್ತೆಯ ಮೂರು ಖಣಗಳು ಒಂದೇ ತಿಂಗಳಲ್ಲಿ ನೇಕಾರರ ಸಂಘದಿಂದ ಹಿಂದಿರುಗಿದವು. ಅವಳು ಅವುಗಳನ್ನು ಮಡಚಿ ತನ್ನ ಹಾಸಿಗೆಯಡಿ ಇಟ್ಟುಕೊಂಡಳು. ಅದೇ ವಾರ ಕುಣಿಯ ಅಂಚು ತಪ್ಪಿ ಬಿದ್ದು ಮೊಣಕೈ ತರಚಿಕೊಂಡಳು. ಮರುದಿನ ಅಪ್ಪ ಒಂದು ಗಾಡಿ ಉಸುಕು ತರಿಸಿ ಬಾಗಿಲ ಮುಂದೆ ಸುರುವಿಸಿದರು.

"ಇದೆದಕ್ಕ?" ಅಂದಳು ಅತ್ತೆ, ಉಸುಕಿನ ಸಪ್ಪಳ ಕೇಳಿ.

"ಕುಣಿ ಮುಚ್ಚೂನು ಅಕ್ಕ," ಅಂದರು ಅಪ್ಪ. "ಮ್ಯಾಲ ಫರಸಿಕಲ್ಲು ಹಾಕಸ್ತೀನಿ. ತಣ್ಣಗ ಕುಂದ್ರು ಇನ್ನ."

"ಅದರಾಗ ನನ್ನೂ ಇಟ್ಟು ಮುಚ್ಚಿಬಿಡು. ಫರಸಿ ಒಂದ ಸಾಕಾಗ್ತೈತಿ."

ಅಪ್ಪನ ಮುಖ ಸಣ್ಣಗಾಯಿತು. ಅವರಿಗೆ ನೇಯ್ಗೆ ಕಲಿಸಿದವಳು ಅವಳೇ. ವಾಪಸು ಬಂದ ಖಣಗಳನ್ನು ಅವಳು ಸವರುವುದನ್ನು ನೋಡಲಾರದೆ ಅವರು ಹೀಗೆ ಮಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಕೊನೆಗೆ ಅಕ್ಕತಮ್ಮ ಒಂದು ಮಾತಿಗೆ ಬಂದರು. ಬರುವ ಹುಣ್ಣಿಮೆಯವರೆಗೆ ಗಡುವು. ಅಷ್ಟರೊಳಗೆ ಸಾಲಾಗಿ ಐದು ಖಣ ಒಂದೂ ಎಳೆ ತಪ್ಪದ ಹಾಗೆ ನೇಯ್ದರೆ ಕುಣಿ ಉಳಿಯುತ್ತದೆ. ಇಲ್ಲವಾದರೆ ಹುಣ್ಣಿಮೆಯ ದಿನ ಅದನ್ನು ಮುಚ್ಚಲು ಗಾರೆಕೆಲಸದ ಗೌಂಡಿ ಬರುತ್ತಾನೆ.

"ಕಣ್ಣಿಲ್ದ ಹೆಂಗ ನೇಯ್ತಿ ಅಕ್ಕ?" ಅಂದರು ಅಪ್ಪ.

ಅತ್ತೆ ನನ್ನ ಕಿವಿಯ ಕಡೆ ನೋಡಿದಳು. "ಹೇಮಿ ಅದಾಳಲ್ಲ."

ಆ ದಿನ ದಿನಚರಿಯಲ್ಲಿ ಬರೆದದ್ದು ಒಂದೇ ಸಾಲು: ಎಳೆ ಹರಿದರೆ ಸಪ್ಪಳವಾಗುತ್ತದೆಯೆ?

*

ಆಗುತ್ತದೆ. ಬಿಗಿಯಾಗಿ ಎಳೆದ ಎಳೆ ತಂತಿಯಿದ್ದಂತೆ. ಹರಿದಾಗ ಮಗ್ಗದ ಮರದಲ್ಲಿ ಒಂದು ಸಣ್ಣ ಮಿಡಿತ ಓಡುತ್ತದೆ. ನಮ್ಮ ಕಿವಿಗೆ ಅದು ಕೇಳುವುದಿಲ್ಲ. ಅತ್ತೆಯ ಎದೆಯ ಮುಂದಿನ ಅಡ್ಡಮರದ ಎರಡು ತುದಿಗೆ ಕಂಪನ ಗ್ರಹಿಸುವ ರೂಪಾಯಿಯಗಲದ ಎರಡು ಬಿಲ್ಲೆ ಅಂಟಿಸಿದರೆ, ಮಿಡಿತ ಯಾವ ತುದಿಗೆ ಮೊದಲು ಮುಟ್ಟಿತೆಂಬುದರಿಂದ ಎಳೆ ಎಡಕ್ಕೆ ಹರಿಯಿತೋ ಬಲಕ್ಕೋ ತಿಳಿಯುತ್ತದೆ. ಅತ್ತೆಯ ಎರಡು ತೋಳಿಗೆ ಹಳೆ ಫೋನಿನ ನಡುಗುವ ಗುಂಡಿಗಳನ್ನು ಕಟ್ಟಿದರೆ, ಹರಿದ ಕಡೆಯ ತೋಳಿಗೆ ತಟ್ಟುತ್ತದೆ. ಉಳಿದದ್ದನ್ನು ಅವಳ ಬೆರಳು ಹುಡುಕಿಕೊಳ್ಳುತ್ತದೆ.

ಇವೆರಡರ ನಡುವೆ ಕೂತು ಕೇಳಿ, ತೂಗಿ, ಹೇಳುವುದಕ್ಕೆ ಒಂದು ಗಣಕ ಬೇಕಲ್ಲ. ಅದಕ್ಕೇ ಲಾಡ್ಲೇಸಾಬರ ಅಂಗಡಿಗೆ ಹೋದೆ.

ಲಾಡ್ಲೇಸಾಬರದು ಬಜಾರಿನಲ್ಲಿ ಹಳೆ ಬೋರ್ಡುಗಳ ಅಂಗಡಿ. ಒಂದೇ ಹಲಗೆಯ ಮೇಲೆ ಇಡೀ ಗಣಕವಿರುವ ಬೋರ್ಡುಗಳನ್ನು ಅವರು ಕಾಯಿಪಲ್ಲೆಯ ಹಾಗೆ ಬುಟ್ಟಿಗಳಲ್ಲಿ ವಿಂಗಡಿಸಿಡುತ್ತಾರೆ. ನಾನು ಹತ್ತು ನಿಮಿಷ ಬುಟ್ಟಿಗಳ ಮುಂದೆ ಸುಮ್ಮನೆ ನಿಂತಿದ್ದೆ.

"ಏನ್ ತಂಗಿ, ಮಾತಾಡಾಕ ಭೀ ಪಾಲು ಐತೇನ ನಿಮ್ಮನ್ಯಾಗ?" ಅಂದರು ಅವರು.

ನಾನು ಬರೆದುಕೊಂಡು ಹೋಗಿದ್ದ ಚೀಟಿ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಓದುತ್ತ ಓದುತ್ತ ದನಿ ಮೆತ್ತಗಾಯಿತು.

"ಸಾವಂತ್ರಕ್ಕನ ಸಲುವಾಗಿ? ನನ್ನ ಮಗಳ ಲಗ್ನದ ಖಣ ಅವರ ಕೈದಲ್ಲೇನ? ತಡಿ." ಮೂರು ಬೋರ್ಡು ತೆಗೆದು ಮುಂದಿಟ್ಟರು. "ಮೂರೂ ತಗೊಂಡ್ ಹೋಗು. ಆರಿಸ್ಕೊ. ಉಳಿದದ್ದು ವಾಪಸ್ ತಾ. ಒಂದು ಮಾತು ನೆನಪಿಡು, ಬೋರ್ಡು ಕುಂತಾಗ ಏನ್ ತಿಂತೈತಿ ಅನ್ನೂದು ಬ್ಯಾರೆ, ದುಡಿಯೂ ಮುಂದ ಏನ್ ತಿಂತೈತಿ ಅನ್ನೂದು ಬ್ಯಾರೆ."

ಆ ಮಾತನ್ನು ನಾನು ದಿನಚರಿಯಲ್ಲಿ ಬರೆದುಕೊಂಡೆ. ಆದರೂ ತಪ್ಪು ಮಾಡಿದೆ.

ಮನೆಗೆ ತಂದ ಮೂರನ್ನೂ ಅತ್ತೆ ಅಂಗೈಯಲ್ಲಿಟ್ಟು ತೂಗಿ ನೋಡಿದಳು. ದೊಡ್ಡದಕ್ಕೆ ಎಂಟು ತಿರುಳು, ಕೋರ್ ಅನ್ನುತ್ತಾರಲ್ಲ ಅವು; ತಲೆಯ ಮೇಲೆ ಅದರದ್ದೇ ಒಂದು ಫ್ಯಾನು. ಹಚ್ಚಿದರೆ ಏದುಸಿರು ಬಿಡುತ್ತಿತ್ತು. "ಇದು ದೊಡ್ಡಪ್ಪ. ಉಂಡ ಕೂಡಲೇ ಉಸ್ಸಂತೈತಿ," ಅಂದಳು. ನಡುವಿನದು ನಾಲ್ಕು ತಿರುಳಿನದು, ಶಾಂತ. "ಇದು ಮಾಸ್ತರ." ಮೂರನೆಯದು ಅರ್ಧ ಬಿಸ್ಕೀಟಿನಷ್ಟು. ಒಂದೇ ತಿರುಳು, ಚೂರೇ ಚೂರು ನೆನಪು. ಗಣಕವನ್ನು ನಡೆಸುವ ಲಿನಕ್ಸ್ ಅದರೊಳಗೆ ಹಿಡಿಸುವುದೇ ಹೆಚ್ಚು. ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು ನಕ್ಕಳು. "ಇದು ಪೋರಿ."

ಪೋರಿಯನ್ನು ನಾನು ಒಂದು ಬೆಂಕಿಪೊಟ್ಟಣದೊಳಗಿಟ್ಟು ಬದಿಗೆ ಸರಿಸಿದೆ. ಅಷ್ಟು ಸಣ್ಣದರಿಂದ ಏನಾದೀತು ಅನ್ನಿಸಿತ್ತು.

*

ಒಂದೊಂದು ಬೋರ್ಡು ಎಷ್ಟು ತಿನ್ನುತ್ತದೆಂದು ಬಿಡಿಯಾಗಿ ಅಳೆಯುವ ಮುಳ್ಳು, ಮನೆಮನೆಯ ವ್ಯಾಟಿನ ಲೆಕ್ಕ ಇಡುವ ಪಾಲು ಕೇಂದ್ರದಲ್ಲಿ ಸಿಗುತ್ತಿತ್ತು. ಊರಿನ ಗುಡ್ಡದ ಮೇಲೆ ಒಂದು ಉದ್ದನೆ ಕೋಣೆ, ಗೋಡೆಯ ತುಂಬ ಊರಿನ ಒಂದೊಂದು ಮನೆಗೆ ಒಂದೊಂದು ಹಸಿರು ದೀಪ. ಕೊಂಡಿ ಬಿದ್ದ ಮನೆಯ ದೀಪ ಕೆಂಪಾಗುತ್ತದೆ. ಕಾವಲಿಗೆ ಹೊಸಮನಿ ಎಂಬ ಇಂಜಿನಿಯರು. ಧಾರವಾಡದ ಕಡೆಯವರು, ಊರಿಗೆ ಬಂದು ಆರು ತಿಂಗಳು.

"ಎದಕ್ಕ ಬೇಕ್ರಿ ಮುಳ್ಳು?" ಅಂದರು.

ನಾನು ಮತ್ತೆ ಚೀಟಿ ಕೊಟ್ಟೆ. ಅವರು ಓದಿ, ಚೀಟಿಯ ಹಿಂಬದಿಯಲ್ಲಿ 'ಒಯ್ಯಿರಿ' ಎಂದು ಬರೆದು ವಾಪಸು ಕೊಟ್ಟರು. ನಾನು ನಕ್ಕೆ. ಅವರೂ ನಕ್ಕರು.

"ಒಂದ ಮಾತು. ಮೂರು ದಾಟಿ ಕೊಂಡಿ ಬಿತ್ತಂದ್ರ ಎತ್ತೂದು ನನ್ನ ಕೈಯಾಗೂ ಇಲ್ಲ. ಸೂರ್ಯನ ಎತ್ತಬೇಕು."

ಅಮಾವಾಸ್ಯೆ ಹತ್ತಿರವಿತ್ತು. ನಮ್ಮಲ್ಲಿ ಅಮಾವಾಸ್ಯೆಯ ದಿನ ಯಾರೂ ಮಗ್ಗ ನಡೆಸುವುದಿಲ್ಲ. ಅಂದು ಲಾಳಿಗೆ ಪೂಜೆ, ಮಗ್ಗಕ್ಕೆ ವಿಶ್ರಾಂತಿ. ಮನೆಯಲ್ಲಿ ಏನಾದರೂ ರಿಪೇರಿ, ಅಳತೆ, ಬದಲಾವಣೆ ಇದ್ದರೆ ಓಣಿಯವರೆಲ್ಲ ಅಮಾವಾಸ್ಯೆಗೇ ಇಟ್ಟುಕೊಳ್ಳುತ್ತಾರೆ. ನಾನೂ ಅಷ್ಟೇ ಸಹಜವಾಗಿ ಅಂದೇ ಅಳೆಯುವುದೆಂದು ನಿಶ್ಚಯಿಸಿದೆ. ಎರಡನೇ ಯೋಚನೆ ಮಾಡಲಿಲ್ಲ.

"ಲಾಳಿ ಮುಟ್ಟಂಗಿಲ್ಲ ನೋಡ," ಅಂದಳು ಅತ್ತೆ.

"ಲಾಳಿ ಬ್ಯಾಡ ಅತ್ತಿ. ಹಳೇ ಹಾಸಿನ ತುದಿ ಐತಲ್ಲ, ಅದರ ಎಳಿ ಅಷ್ಟ ಹರಿ."

ಅವಳು ಕುಣಿಯಲ್ಲಿ ಇಳಿದು ಕೂತು ಒಂದೊಂದೇ ಎಳೆಯನ್ನು ಉಗುರಿನಿಂದ ಹರಿದಳು. ಎಡಕ್ಕೊಂದು, ಬಲಕ್ಕೊಂದು, ನಡುವಿಗೊಂದು. ನಾನು ಮಾಸ್ತರನಿಗೆ ಅವುಗಳ ಮಿಡಿತ ಕಲಿಸಿದೆ. ಓಣಿ ಎಷ್ಟು ಸ್ತಬ್ಧವಾಗಿತ್ತೆಂದರೆ ಬೇವಿನ ಮರದ ಕಾಗೆ ರೆಕ್ಕೆ ಒದರಿದ್ದು ಕೇಳುತ್ತಿತ್ತು. ದೊಡ್ಡಪ್ಪ ಏಳು ವ್ಯಾಟ್ ಕೇಳಿದ. ಹಚ್ಚಿದ ಕೂಡಲೇ ತೆಗೆದುಬಿಟ್ಟೆ. ಮಾಸ್ತರ ಒಂದು ಪಾಯಿಂಟ್ ಮೂರು ವ್ಯಾಟ್ ತಿಂದು ಒಂದೂ ಎಳೆ ತಪ್ಪಿಸದೆ ಹೇಳಿದ.

"ತಟ್ಟಿತು! ಬಲಕ್ಕ!", "ತಟ್ಟಿತು! ಎಡಕ್ಕ!" ಎಂದು ಅತ್ತೆ ಪ್ರತಿ ಸಲ ಕೂಗುತ್ತಿದ್ದಳು. ಅವಳು ಹಾಗೆ ಕೂಗಿದ್ದನ್ನು ಎರಡು ವರ್ಷದಿಂದ ಕೇಳಿರಲಿಲ್ಲ. ನಾನು ದಿನಚರಿಯಲ್ಲಿ 'ಮಾಸ್ತರನೇ ಸೈ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

*

ಮರುದಿನ ಬೆಳಗ್ಗೆ ಎಂಟಕ್ಕೆ ಓಣಿಯ ಅರವತ್ತು ಮಗ್ಗಗಳು ಒಟ್ಟಿಗೆ ಶುರುವಾದವು. ಅತ್ತೆ ಲಾಳಿ ಎಸೆದಳು. ನಾಲ್ಕು ಸಲ ಎಸೆಯುವಷ್ಟರಲ್ಲಿ ತೋಳಿಗೆ ತಟ್ಟಿತು. ನಿಲ್ಲಿಸಿ ಸವರಿದಳು. ಎಲ್ಲ ಎಳೆಗಳೂ ಇದ್ದವು. ಮತ್ತೆ ಎಸೆದಳು. ಮತ್ತೆ ತಟ್ಟಿತು. ಎಡಕ್ಕೆ, ಬಲಕ್ಕೆ, ಎರಡೂ ಕಡೆ.

"ಏ ಹೇಮಿ, ನಿನ್ನ ಮಾಸ್ತರಗ ಥಂಡಿಜ್ವರ ಬಂದೈತೇನ? ನಡಗಾಕತ್ತಾನ!"

ನಾನು ಬಗ್ಗಿ ಅಡ್ಡಮರದ ಬಿಲ್ಲೆಗಳನ್ನು ಒತ್ತಿ ನೋಡಿದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ನಿಂಬೆವ್ವನ ದನಿ ಬಂತು. ನಿಂಬೆವ್ವ ನಮ್ಮ ಪಕ್ಕದ ಮನೆಯವಳು, ಅವಳದೂ ಕುಣಿಮಗ್ಗವೇ. "ಥೂ, ಇದರ ಮನಿ ಹಾಳಾಗ, ಎಳಿ ಹರೀತು!"

ಅತ್ತೆ ಕೈ ನಿಲ್ಲಿಸಿದಳು. "ನಿಂಬೀ, ಎಡಗಡೆ ಹರೀತೇನ?"

"ಹೌದಬೇ! ನಿನಗ್ಹೆಂಗ ಗೊತ್ತಾತು?"

"ನಮ್ಮ ಮಾಸ್ತರ ಹೇಳಿದಾ!"

ಆಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಕುಣಿಮಗ್ಗ ಅಂದರೆ ನೆಲದಲ್ಲಿ ಬೇರೂರಿದ ಮಗ್ಗ. ಓಣಿಯ ನೆಲವೆಲ್ಲ ಒಂದೇ. ಅರವತ್ತು ಮಗ್ಗಗಳ ಬಡಿತವೂ ಮಿಡಿತವೂ ಮಣ್ಣಿನೊಳಗಿಂದ ಬಂದು ನಮ್ಮ ಅಡ್ಡಮರಕ್ಕೆ ತಾಗುತ್ತಿತ್ತು. ಮಾಸ್ತರ ಪ್ರತಿಯೊಂದನ್ನೂ ಎತ್ತಿಕೊಂಡು, ಇದು ಹರಿದದ್ದೋ ಅಲ್ಲವೋ ಎಂದು ನಾಲ್ಕೂ ತಿರುಳಿನಿಂದ ತಲೆ ಕೆಡಿಸಿಕೊಳ್ಳುತ್ತಿದ್ದ. ಗೋಡೆಯ ಕಡೆ ನೋಡಿದೆ. ಮುಳ್ಳು ಮೂರೂವರೆ ದಾಟಿತ್ತು. ನಾನು ಎದ್ದು ಹೋಗುವಷ್ಟರಲ್ಲಿ ಕೊಂಡಿ ಟಕ್ಕೆಂದಿತು.

ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಕೆಲಸ ಮುಗಿಸಿ ಬಂದ ಅಪ್ಪ ಕೊಂಡಿ ಬಿದ್ದ ಮೀಟರನ್ನು ನೋಡಿದರು. ಹೊರಗೆ ಹೋಗಿ ಉಸುಕಿನ ಗುಂಪೆಯ ಮೇಲೆ ಗೋಣಿಚೀಲ ಹೊದಿಸಿ ಬಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

*

"ಬರ್ರಿ, ಕೂಡ್ರಿ," ಅಂದರು ಹೊಸಮನಿ. ಕೇಂದ್ರದ ಪರದೆಯ ಮೇಲೆ ನಮ್ಮ ಮನೆಯ ಗೆರೆ ತೆಗೆದಿಟ್ಟಿದ್ದರು. ಮೊದಲ ದಿನ ಕೆರೆಯ ನೀರಿನ ಹಾಗೆ ಸಪಾಟು. ಎರಡನೇ ದಿನ ಎಂಟಕ್ಕೆ ಸರಿಯಾಗಿ ಗುಡ್ಡ.

"ಮೊದಲನೇ ದಿನ ಯಾವುದ್ರಿ ಇದು?"

"ಅಮಾವಾಸ್ಯೆ," ಅಂದೆ. ಹೇಳಿದ ಕೂಡಲೇ ನನಗೇ ಹೊಳೆಯಿತು.

ಹೊಸಮನಿ ತಲೆ ಕೆರೆದುಕೊಂಡರು. "ನಾ ಆಗಿದ್ರ ಈ ತಪ್ಪು ಮಾಡ್ತಿದ್ದಿಲ್ಲ. ಶಾಣ್ಯಾ ಅಂತ ಅಲ್ಲ ಮತ್ತ. ನನಗ ಅಮಾಸಿ, ಪಾಡ್ಯ ಎಲ್ಲಾ ಒಂದ. ಯಾವತ್ತರ ಒಂದಿನ ಅಳೀತಿದ್ದೆ. ಇಡೀ ಓಣಿ ಬಾಯಿ ಮುಚ್ಚೂ ಆ ಒಂದ ದಿನ ಹುಡುಕಿ ಅಳೀಬೇಕಂದ್ರ ನೇಕಾರರ ಮನಿಯಾಗ ಹುಟ್ಟಬೇಕು."

ಅವರು ಹಂಗಿಸುತ್ತಿರಲಿಲ್ಲ. ಆದರೂ ಗುಡ್ಡ ಇಳಿಯುವಾಗ ಕಣ್ಣು ತುಂಬಿಕೊಂಡಿತು. ದುಡಿಯುವಾಗ ಬೋರ್ಡು ಏನು ತಿನ್ನುತ್ತದೆ ನೋಡು ಎಂದು ಲಾಡ್ಲೇಸಾಬರು ಹೇಳಿದ್ದರು. ನಾನು ದುಡಿಯದ ದಿನವನ್ನೇ ಆರಿಸಿ ನೋಡಿದ್ದೆ.

ಮನೆಗೆ ಬಂದಾಗ ಅತ್ತೆ ಕುಣಿಯ ಅಂಚಿನಲ್ಲಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಪಕ್ಕದಲ್ಲಿ ಕೂತೆ.

"ಓಣಿ ಸಪ್ಪಳ ಬ್ಯಾರೆ, ನಿನ್ನ ಮಗ್ಗದ ಸಪ್ಪಳ ಬ್ಯಾರೆ ಅಂತ ವಿಂಗಡಿಸಬೇಕಂದ್ರ ದೊಡ್ಡಪ್ಪನ ಬೇಕಾಗ್ತಾನ ಅತ್ತಿ. ಅವಗ ಏಳು ವ್ಯಾಟ್."

"ವಿಂಗಡಸೂದು ಎದಕ್ಕ?"

"ಮತ್ತ? ನೀ ಹೆಂಗ ಕೇಳತಿದ್ದಿ ಕಣ್ಣಿದ್ದಾಗ?"

"ನಾ ಎಲ್ಲಿ ಇಡೀ ದಿನ ಕೇಳತಿದ್ದೆ? ಇಡೀ ಓಣಿ ಕೇಳಕೋತ ಕುಂತ್ರ ಹುಚ್ಚ ಹಿಡೀತೈತಿ." ಅವಳು ಸುತ್ತುವುದನ್ನು ನಿಲ್ಲಿಸಿದಳು. "ತುಳದಾಗ ಅಷ್ಟ ಕೇಳೂದು. ತುಳದ್ರ ಎಳಿಗೋಳು ಬಾಯಿ ತೆರೀತಾವ. ಹರಿಯೂದಿದ್ರ ಆವಾಗನ ಹರೀತಾವ. ಉಳಿದ ಹೊತ್ತಿನಾಗ ನಾ ಏನೇನೋ ವಿಚಾರ ಮಾಡ್ತಿರ್ತೀನಿ. ನಿನ್ನ ಲಗ್ನದ್ದು, ಸಾರಿನ ಉಪ್ಪಿಂದು."

ನಾನು ಎದ್ದು ಬೆಂಕಿಪೊಟ್ಟಣ ತೆಗೆದೆ.

ಅತ್ತೆ ಹೇಳಿದ್ದು ಇಷ್ಟೇ ಆಗಿತ್ತು: ಕಾಲಡಿಯ ಹಲಗೆ ಕೆಳಗಿಳಿದಾಗ ಹಾಸು ಎಳೆಗಳು ಮೇಲೊಂದು ಕೆಳಗೊಂದು ಬಿಗಿದು ನಿಲ್ಲುತ್ತವೆ, ಆ ಬಿಗಿತದ ಕಾಲು ಸೆಕೆಂಡನ್ನು ಮಾತ್ರ ಕೇಳಿಸಿಕೊಂಡರೆ ಸಾಕು. ಹಲಗೆಯ ಕೆಳಗೆ ಒಂದು ಗುಂಡಿ ಇಟ್ಟೆ. ತುಳಿದಾಗ ಪೋರಿ ಎಚ್ಚರವಾಗಬೇಕು, ಕಾಲು ಸೆಕೆಂಡು ಕೇಳಬೇಕು, ಮತ್ತೆ ಮಲಗಬೇಕು. ಅಷ್ಟಕ್ಕೆ ಒಂದೇ ತಿರುಳು ಸಾಕು. ಆಷಾಢದ ಮೋಡ ಕವಿದು ಪಾಲು ಒಂದು ವ್ಯಾಟಿಗೆ ಇಳಿದ ದಿನ ಮಾಸ್ತರ ಸುಮ್ಮನೆ ಕೂತರೂ ಕೊಂಡಿ ಬೀಳುತ್ತದೆ. ಪೋರಿಗೆ ಅರ್ಧ ವ್ಯಾಟ್ ಸಾಕಾಗಿತ್ತು.

ಅವಳೊಳಗೆ ಲಿನಕ್ಸನ್ನು ಕೂರಿಸಲು ನನಗೆ ಎರಡು ದಿನ ಹಿಡಿಯಿತು. ಲಿನಕ್ಸ್ ನಮ್ಮ ಕೌದಿಯ ಹಾಗೆ. ಯಾರ್ಯಾರೋ ಸಾವಿರಾರು ಜನ ತುಂಡು ತುಂಡು ಹೊಲಿದು ಜೋಡಿಸಿದ್ದು. ಬೇಡದ ತುಂಡುಗಳನ್ನು ಬಿಚ್ಚಿದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಪರದೆಗೆ ಚಿತ್ರ ಕಳಿಸುವ ತುಂಡು ತೆಗೆದೆ. ಜಾಲಕ್ಕೆ ಮಾತಾಡುವ ತುಂಡು ತೆಗೆದೆ. ಮಿನುಗುವ ಪುಟ್ಟ ದೀಪವನ್ನೂ ಆರಿಸಿದೆ. ಕೊಂಡಿ ಬಿದ್ದಾಗ ಅರ್ಧ ಬರೆದ ಅಕ್ಷರಗಳು ಉಳಿದು ನೆನಪಿನ ಕಾರ್ಡು ಕೆಡಬಾರದೆಂದು, ಅದು ಕ್ಷಣಕ್ಷಣಕ್ಕೂ ಬರೆದಿಡುವ ದಿನಚರಿಯನ್ನು ನಿಲ್ಲಿಸಿದೆ. ಆಗ ಮಾತ್ರ ಪಾಪ ಅನ್ನಿಸಿತು. ನಿನ್ನದನ್ನೂ ನಾನೇ ಬರೆಯುತ್ತೇನೆ ಬಿಡು, ಅಂದುಕೊಂಡೆ.

"ಇದು ನಿನ್ನಂಗ ಐತಿ," ಅಂದಳು ಅತ್ತೆ ಮೊದಲ ದಿನದ ಕೊನೆಗೆ. "ಕೇಳಿದಷ್ಟಕ್ಕ ಉತ್ತರ. ಮತ್ತ ಗಪ್ಪ."

*

ಆದರೂ ಮುಗಿಯಲಿಲ್ಲ. ಅತ್ತೆ ತುಳಿದ ಕ್ಷಣವೇ ನಿಂಬೆವ್ವನ ಮಗ್ಗವೂ ಬಡಿದರೆ ಪೋರಿ ಮೋಸ ಹೋಗುತ್ತಿದ್ದಳು. ದಿನಕ್ಕೆ ಹದಿನೈದು ಇಪ್ಪತ್ತು ಸಲ ಸುಳ್ಳು ತಟ್ಟು. ಅತ್ತೆ ಪ್ರತಿ ಸಲ ನಿಲ್ಲಿಸಿ, ಸಾವಿರಾರು ಎಳೆಗಳನ್ನು ಬೆರಳಿನಲ್ಲಿ ಸವರಿ, ಏನೂ ಸಿಗದೆ ಮತ್ತೆ ಶುರುಮಾಡುವಳು. ಎರಡು ಖಣ ನಿರ್ಮಲವಾಗಿ ಬಂದವು. ಮೂರನೆಯದರ ನಡುವೆ ಬೇಸತ್ತು ಒಂದು ತಟ್ಟನ್ನು ಕಡೆಗಣಿಸಿದಳು. ಅದು ಸುಳ್ಳಾಗಿರಲಿಲ್ಲ. ಗೇಣುದ್ದದ ಬೋಳು ಗೆರೆ ಬಿತ್ತು. ಸಾಲಾಗಿ ಐದು ಎಂಬ ಎಣಿಕೆ ಮತ್ತೆ ಸೊನ್ನೆಗೆ ಬಂತು. ಹುಣ್ಣಿಮೆಗೆ ಮೂರು ದಿನವಿತ್ತು.

ಅತ್ತೆ ಆ ಖಣವನ್ನೂ ಮಡಚಿ ಹಾಸಿಗೆಯಡಿ ಇಟ್ಟಳು. "ಇರ್ಲಿ ಬಿಡ ಹೇಮಿ," ಅಂದಳು. "ಪೋರಿ ಪಾಪ ಭಾಳ ಮಾಡೇತಿ. ನನ್ನ ಕಿವಿನ ಮಂದ ಆಗ್ಯಾವೇನೋ."

ಅವಳ ಬಾಯಲ್ಲಿ 'ಇರ್ಲಿ ಬಿಡು' ಎಂಬ ಮಾತು ನಾನು ಕೇಳಿದ್ದೇ ಇಲ್ಲ. ಒಳಗೆ ಕೂರಲಾರದೆ ಬರಿಗಾಲಲ್ಲಿ ಹೊರಗೆ ಬಂದೆ. ಹೊಸ್ತಿಲ ಕಲ್ಲಿನ ಮೇಲೆ ನಿಂತರೆ ಇಡೀ ಓಣಿಯ ಬಡಿತ ಅಂಗಾಲಿಗೆ ಧಿಂ ಧಿಂ ಎಂದು ತಾಗುತ್ತಿತ್ತು. ಹುಟ್ಟಿದಾಗಿನಿಂದ ತಾಗುತ್ತಿದೆ; ಅದಕ್ಕೇ ಗಮನಕ್ಕೆ ಬರುತ್ತಿರಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಉಸುಕಿನ ಗುಂಪೆಯ ಮೇಲೆ ನಿಂತೆ.

ಬಡಿತ ನಿಂತುಹೋಯಿತು.

ಮತ್ತೆ ಕಲ್ಲಿನ ಮೇಲೆ ಬಂದೆ. ಧಿಂ ಧಿಂ. ಮತ್ತೆ ಉಸುಕು. ಇಲ್ಲ. ಎಷ್ಟು ಸಲ ಹತ್ತಿಳಿದೆನೋ ಗೊತ್ತಿಲ್ಲ. ಎದುರು ಮನೆಯವರು ನನ್ನನ್ನು ಏನೆಂದುಕೊಂಡರೋ ಅದೂ ಗೊತ್ತಿಲ್ಲ. ಗಟ್ಟಿ ಮಣ್ಣಿನಲ್ಲಿ ಓಡಿಬರುವ ಕಂಪನ ಸಡಿಲ ಉಸುಕಿಗೆ ಬಂದರೆ ಕಾಳು ಕಾಳಿಗೂ ಹಂಚಿಹೋಗಿ, ಉಜ್ಜಿ ಉಜ್ಜಿ ಸತ್ತುಹೋಗುತ್ತದೆ. ಪುಸ್ತಕದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕ ಕೂಡ ತೆಗೆದಿದ್ದೆ.

ಅಷ್ಟರಲ್ಲಿ ಅಪ್ಪ ಗೌಂಡಿಯನ್ನು ಕರೆದುಕೊಂಡು ಬಂದರು, ಕುಣಿಯ ಅಳತೆ ತೋರಿಸುವುದಕ್ಕೆ. ಹಿಂದೆ ನಿಂಬೆವ್ವ, ಅವಳ ಸೊಸೆ, ಎದುರು ಮನೆಯ ಮುದುಕ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಇಷ್ಟು ಜನರ ನಡುವೆ ನಾನು ಬಾಯಿ ತೆರೆದದ್ದು ಅದೇ ಮೊದಲು.

"ಅಪ್ಪಾ, ಉಸುಕು ಹಾಕಸ್ರಿ."

ಅಪ್ಪ ನನ್ನನ್ನೇ ನೋಡಿದರು. ಅತ್ತೆಯ ಕೈ ಚೌಕಟ್ಟಿನಿಂದ ಕೆಳಗೆ ಜಾರಿತು. "ನೀನೂ ಹಂಗ ಅಂದೇನ ಹೇಮಿ?"

"ಕುಣಿಯಾಗಲ್ಲ ಅತ್ತಿ. ಕುಣಿ ಸುತ್ತ. ಮಗ್ಗದ ನಾಲ್ಕು ಕಂಬದ ಬುಡಕ್ಕ." ನಾನು ಬಗ್ಗಿ ಕಂಬದ ಬುಡದ ಅಗಲವನ್ನು ಕೈಯಲ್ಲಿ ತೋರಿಸಿದೆ. "ಮಣ್ಣು ತಗದು, ಮೊಣಕಾಲ ಆಳ, ಒಣಾ ಉಸುಕು ತುಂಬಬೇಕು. ಓಣಿ ಸಪ್ಪಳ ಉಸುಕಿನಾಗ ಸಾಯ್ತೈತಿ. ಒಳಗ ಅತ್ತಿ ಮಗ್ಗ ಅಷ್ಟ ಉಳೀತೈತಿ. ಇವತ್ತ ಮಾಡಿದ್ರ ಇನ್ನೂ ಮೂರು ದಿನ ಐತಿ. ನೀವು ಒಮ್ಮೆ ಬರಿಗಾಲಾಗ ಇದರ ಮ್ಯಾಲ ನಿಂದ್ರರಿ ಅಪ್ಪಾ."

ಅಪ್ಪ ಚಪ್ಪಲಿ ಬಿಟ್ಟರು. ಹೊಸ್ತಿಲ ಮೇಲೆ ನಿಂತರು, ಉಸುಕಿನ ಮೇಲೆ ನಿಂತರು. ಅವರೂ ನೇಕಾರರೇ. ಗೌಂಡಿಯ ಕೈಯಿಂದ ಸಲಿಕೆ ಇಸಿದುಕೊಂಡು ತಾವೇ ಒಳಗೆ ಹೋದರು.

*

ಆ ಮೂರು ದಿನ ನಾನು ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಸುಳ್ಳು ತಟ್ಟಿಗೆ ನಿಲ್ಲಬೇಕಿಲ್ಲದಿದ್ದರೆ ಅತ್ತೆಯ ಕೈಗೆ ದಿನಕ್ಕೆ ಎರಡು ಖಣ ಹೆಚ್ಚಲ್ಲ. ಮೊದಲ ದಿನ ಸುಳ್ಳು ತಟ್ಟು ಎರಡು. ಎರಡನೇ ದಿನ ಮೋಡ. ಪಾಲು ಒಂದು ವ್ಯಾಟಿಗೆ ಇಳಿಯಿತು. ಮುಳ್ಳು ಅರ್ಧದ ಗೆರೆಯ ಮೇಲೆ ಅಲುಗದೆ ನಿಂತಿತ್ತು. ಸುಳ್ಳು ತಟ್ಟು ಒಂದೂ ಇಲ್ಲ, ನಿಜದ ತಟ್ಟು ನಾಲ್ಕು. ಅತ್ತೆಯ ಬೆರಳು ನೇರ ಹರಿದ ಎಳೆಗೇ ಹೋಗಿ ಗಂಟು ಹಾಕುತ್ತಿತ್ತು. ಸಂಜೆಯ ಹೊತ್ತಿಗೆ ಅವಳು ಗುನುಗಲು ಶುರುಮಾಡಿದಳು. ಪೋರಿಗೆ ಅದು ಕೇಳುತ್ತಿರಲಿಲ್ಲ. ಅತ್ತೆ ತುಳಿಯುವಾಗ ಗುನುಗುವುದನ್ನು ನಿಲ್ಲಿಸುತ್ತಿದ್ದಳು.

ಹುಣ್ಣಿಮೆಯ ಬೆಳಗ್ಗೆ ಐದು ಖಣಗಳನ್ನು ಅಪ್ಪ ಅಂಗಳಕ್ಕೆ ಒಯ್ದರು. ಒಂದೊಂದನ್ನೇ ಎರಡು ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿದರು. ಬೋಳು ಗೆರೆ ಇದ್ದರೆ ಬೆಳಕು ಅದರೊಳಗಿಂದ ತೂರಿ ಬರುತ್ತದೆ. ಅತ್ತೆ ಪಕ್ಕದಲ್ಲಿ ನಿಂತು ಅಪ್ಪನ ಕಿವಿಯ ಕಡೆ ನೋಡುತ್ತಿದ್ದಳು. ಒಂದು. ಎರಡು. ಮೂರನೆಯದನ್ನು ಅಪ್ಪ ತಿರುಗಿಸಿ ಇನ್ನೊಮ್ಮೆ ನೋಡಿದರು. ಸೂಜಿಮಲ್ಲಿಗೆಗಳು ಸಾಲಾಗಿ ಕೂತಿದ್ದವು. ನಾಲ್ಕು. ಐದು.

ಅಪ್ಪ ಐದನೆಯದನ್ನು ಮಡಚಲಿಲ್ಲ. ಅದರಿಂದ ಮುಖ ಒರೆಸಿಕೊಂಡರು.

"ಏ, ಹೊಸಾ ಖಣಕ್ಕ ಬೆವರು ಹಚ್ಚತಿಯೇನೋ?" ಅಂದಳು ಅತ್ತೆ.

ಅದು ಬೆವರಲ್ಲವೆಂದು ಅವಳಿಗೂ ಗೊತ್ತಿತ್ತು.

ಹೇಳಿದ ಹೊತ್ತಿಗೆ ಗೌಂಡಿ ಬಂದ. ಅಪ್ಪ ಅವನನ್ನು ವಾಪಸು ಕಳಿಸಲಿಲ್ಲ. ಕುಣಿಯ ಸುತ್ತ ಗೇಣೆತ್ತರದ ಅಂಚು ಕಟ್ಟಿಸಿದರು, ಅತ್ತೆಯ ಕಾಲಿಗೆ ಮೊದಲೇ ತಾಗಿ ಎಚ್ಚರಿಸುವ ಹಾಗೆ. ಒಂದು ಮೂಲೆಗೆ ಹಿಡಿದು ಇಳಿಯಲು ಮರದ ಗೂಟ.

ನಾನು ದೊಡ್ಡಪ್ಪ, ಮಾಸ್ತರ ಇಬ್ಬರನ್ನೂ ಲಾಡ್ಲೇಸಾಬರಿಗೆ ಮರಳಿಸಿದೆ. ಚೀಟಿ ಒಯ್ದಿರಲಿಲ್ಲ.

"ಸಣ್ಣದು ಇಟ್ಕೊಂಡಿ?" ಅಂದರು ಅವರು.

"ಹೂಂ ಕಾಕಾ. ದುಡಿಯುವಾಗ ಅಳತಿ ಮಾಡೀನಿ ಈ ಸಲ."

*

ಮುಂದಿನ ಅಮಾವಾಸ್ಯೆ. ಬೆಳಗ್ಗೆ ಅತ್ತೆ ಲಾಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಆಮೇಲೆ ತಡವರಿಸಿ ಬೆಂಕಿಪೊಟ್ಟಣ ಹುಡುಕಿ, ಅದಕ್ಕೂ ಒಂದು ಬೊಟ್ಟು ಇಟ್ಟಳು.

"ಇದರ ವೈರು ತಗಿ."

"ಅರ್ಧ ವ್ಯಾಟ್ ಅತ್ತಿ. ಇದ್ರ ಏನಾಗ್ತೈತಿ?"

"ಅದಕ್ಕೂ ಅಮಾಸಿ ಐತಿ. ತಗಿ."

ತೆಗೆದೆ. ಯೋಚನೆಯ ಮೀಟರಿನ ಮುಳ್ಳು ಸೊನ್ನೆಗೆ ಬಂದು ನಿಂತಿತು. ಓಣಿಯಲ್ಲಿ ಒಂದೂ ಬಡಿತವಿಲ್ಲ. ಕುಣಿಯ ಹೊಸ ಅಂಚಿನ ಮೇಲೆ ಕೂತು ದಿನಚರಿ ಬಿಡಿಸಿಕೊಂಡೆ. ಬರೆಯುವುದು ತುಂಬ ಇತ್ತು; ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಪೆನ್ನು ಹಿಡಿದು ಸುಮ್ಮನೆ ಕೂತೆ.

ನನ್ನ ಬಲತೋಳಿಗೆ ಮೆಲ್ಲಗೆ ಏನೋ ತಟ್ಟಿತು.

ಬಲಕ್ಕೆ ತಿರುಗಿದೆ. ಅತ್ತೆ ನನ್ನ ಕಿವಿಯ ಕಡೆ ನೋಡುತ್ತ, ಚಹಾದ ಕಪ್ಪು ಹಿಡಿದು ನಿಂತಿದ್ದಳು.